ಲ್ಯಾಪ್‌ಟಾಪಿಗೊಂದು ಕ್ರಯಪತ್ರ

ಕುಮಟೆಯ ಅಂಗಡಿಯವನು ನಕ್ಕ ರೀತಿಯೇ ನೀಲಾಳಿಗೆ ಹಿಡಿಸಲಿಲ್ಲ. ಮಾರುವವನು ಅಷ್ಟೊಂದು ನಗುತ್ತಾನೆಂದರೆ ಮಾಲಿನಲ್ಲಿ ಏನೋ ಐಬು ಇರಲೇಬೇಕು ಎಂದು ಅವಳ ಲೆಕ್ಕ. ಅವನು ಗಾಜಿನ ಕಪಾಟಿನಿಂದ ಒಂದು ಪುಟ್ಟ ಲ್ಯಾಪ್‌ಟಾಪು ತೆಗೆದು, ಕೂಸನ್ನು ಎತ್ತಿ ಕೊಡುವ ಹಾಗೆ ಎರಡೂ ಕೈಯಲ್ಲಿ ಅವಳ ಮುಂದಿಟ್ಟ.

"ನಿಮ್ಗೆ ಬರೀ ಟೈಪಿಂಗ್ ಅಲ್ವಾ ಅಕ್ಕ, ಇದು ಧಾರಾಳ ಆತು."

ನೀಲಾ ಅದನ್ನು ಮಗುಚಿ ಹಾಕಿ ನೋಡಿದಳು. ಬದಿಗಳನ್ನು ಬೆರಳಿನಿಂದ ಸವರಿದಳು.

"ಸಿ.ಡಿ. ಹಾಕೂದು ಎಲ್ಲಿ?"

"ಇದ್ರಲ್ಲಿ ಆ ಜಾಗ ಇಲ್ಲ. ಬೇಕಾದ್ರೆ ಹೊರಗಿಂದ ಹಚ್ಚೂಕೆ ಬೇರೆ ಪೆಟ್ಟಿಗೆ ಬತ್ತದೆ."

"ಅಂದ್ರೆ ಅರ್ಧ ಯಂತ್ರಕ್ಕೆ ಈಗ ರೊಕ್ಕ, ಉಳಿದರ್ಧಕ್ಕೆ ಆಮೇಲೆ ರೊಕ್ಕ?"

ಅವನು ಮತ್ತೆ ನಕ್ಕ. ನೀಲಾ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಚೀಲದೊಳಗೆ ಕನ್ನಡ ಸಾಫ್ಟ್‌ವೇರಿನ ಒಂದು ಸಿ.ಡಿ. ಇತ್ತು. ಅದರಲ್ಲಿ ಹಳೆಯ ಟೈಪ್‌ರೈಟರಿನ ಕೀಲಿಗಳ ಕ್ರಮವೇ ಇದೆ, ಕೈಗೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ ಎಂದು ಯಾರೋ ಹೇಳಿದ್ದರು. ಆ ಯಾರೋ ಹೇಳಿದ್ದನ್ನೂ ಅವಳು ಪೂರ್ತಿ ನಂಬಿರಲಿಲ್ಲ.

ನೀಲಾ ಹುಟ್ಟಾ ಅನುಮಾನದವಳೇನಲ್ಲ. ಹೊನ್ನಾವರದ ಕಚೇರಿ ರಸ್ತೆಯಲ್ಲಿ ನಾಗರಾಜನ ಝೆರಾಕ್ಸ್ ಅಂಗಡಿಯ ಜಗಲಿಯ ಮೇಲೆ ಹದಿನಾಲ್ಕು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಕೂತವರು ಯಾರೇ ಆದರೂ ಹಾಗಾಗುತ್ತಿದ್ದರು. ಕ್ರಯಪತ್ರ, ಪಾಲುಪಟ್ಟಿ, ಹಕ್ಕು ಬಿಡುಗಡೆ ಪತ್ರ, ಅಫಿಡವಿಟ್ಟು ಎಲ್ಲ ಅವಳ ಬೆರಳ ಕೆಳಗೇ ಹಾದು ಹೋಗುತ್ತಿದ್ದವು. ಅಣ್ಣ ತಮ್ಮನ ಗದ್ದೆಗೆ ಕಣ್ಣು ಹಾಕಿದ್ದು, ಸೊಸೆ ಅತ್ತೆಯ ಸಹಿ ಹಾಕಿದ್ದು, ಸತ್ತವನು ಬದುಕಿದ್ದೇನೆಂದು ಅರ್ಜಿ ಕೊಟ್ಟದ್ದು, ಯಾವುದನ್ನು ಅವಳು ಟೈಪು ಮಾಡಿಲ್ಲ! ಹೀಗಾಗಿ ಹಾಲಿನವನು ಎರಡು ಸಲ ಗಂಟಲು ಸರಿಮಾಡಿಕೊಂಡರೂ ಇವತ್ತು ಹಾಲಿಗೆ ನೀರು ಜಾಸ್ತಿ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಮಾರುವವಳ ಮುಖವನ್ನೂ ನೋಡಿ, ಮತ್ತೆ ಕಿವಿರು ನೋಡುವವಳು ಅವಳು.

ಆದರೆ ಈ ಎರಡು ಸಾವಿರದ ಒಂಬತ್ತನೇ ಇಸವಿ ಅವಳ ಬುಡಕ್ಕೇ ಬಂದಿತ್ತು. ರಸ್ತೆಯ ಆಚೆ ಬದಿ ಒಂದು ಕಂಪ್ಯೂಟರ್ ಸೆಂಟರ್ ತೆರೆದು ವರ್ಷವಾಗಿತ್ತು. ಅಲ್ಲಿ ಒಂದು ಹೆಸರು ತಪ್ಪಿದರೆ ಅದೊಂದನ್ನೇ ತಿದ್ದಿ ಹೊಸ ಹಾಳೆ ತೆಗೆದುಕೊಡುತ್ತಾರೆ. ಇಲ್ಲಿ ನೀಲಾ ಇಡೀ ಪುಟ ಮತ್ತೆ ಕುಟ್ಟಬೇಕು. ಚೌತಿ ಕಳೆದ ಮೇಲೆ ಅವಳ ಬೆಂಚಿಗೆ ಬಂದವರಲ್ಲಿ ಅರ್ಧದಷ್ಟು ಮಂದಿ ಕಂಪ್ಯೂಟರ್ ಸೆಂಟರ್ ಎಲ್ಲಿ ಎಂದು ಕೇಳಲು ಬಂದವರು. ಗಂಡ ಪ್ರಕಾಶ ಬೋಟಿಗೆ ಹೋಗುವವನು, ಬೋಟು ದಡದಲ್ಲಿದ್ದ ತಿಂಗಳು ಮನೆ ನಡೆಯುತ್ತಿದ್ದದ್ದು ಈ ಬೆಂಚಿನಿಂದ. ದೀಪಾವಳಿಯೊಳಗೆ ಒಂದು ಯಂತ್ರ ಬಾರದೇ ಹೋದರೆ ತಾನು ಗೇರುಬೀಜದ ಕಾರ್ಖಾನೆಗೆ ಹೋಗಿ ಬೀಜ ಸುಲಿಯುವುದೇ ಸೈ ಎಂದು ನೀಲಾಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಜಗಲಿಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು, ರಾತ್ರಿ ಸಾಮಾನು ಬಿಟ್ಟು ಹೋಗುವ ಹಾಗೂ ಇಲ್ಲ. ಆದ್ದರಿಂದ ಹೊತ್ತುಕೊಂಡು ಹೋಗಬಹುದಾದ, ಬ್ಯಾಟರಿಯ ಮೇಲೆ ನಡೆಯುವ ಲ್ಯಾಪ್‌ಟಾಪೇ ಆಗಬೇಕಿತ್ತು. ಆಟ ಬೇಡ, ಸಿನಿಮಾ ಬೇಡ, ಕನ್ನಡ ಅಕ್ಷರ ಮೂಡಿದರೆ ಸಾಕು.

ಹೊನ್ನಾವರದಲ್ಲೇ ಹಳೆಯ ಲ್ಯಾಪ್‌ಟಾಪು ಮಾರುವವನೊಬ್ಬನಿದ್ದ. ಅವನು ಯಂತ್ರ ತೋರಿಸುವಷ್ಟು ಹೊತ್ತೂ ವಯರನ್ನು ಗೋಡೆಯಿಂದ ತೆಗೆಯಲೇ ಇಲ್ಲ. ನೀಲಾ ಸುಮ್ಮನೆ ಕಾಲು ಚಾಚಿದವಳಂತೆ ಮಾಡಿ ವಯರನ್ನು ಎಳೆದಳು. ಪರದೆ ಕಪ್ಪಾಯಿತು. "ಅಯ್ಯೋ ಅಕ್ಕ, ಬ್ಯಾಟರಿ ಹೊಸದು ಹಾಕಿದ್ರೆ ಆತು" ಎಂದು ಅವನು ಹೇಳುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

"ನೀಲಕ್ಕ, ನೀವು ಹೀಗೆ ನೋಡ್ತಾ ಕೂತ್ರೆ ಮುದುಕಿ ಆಗೂದೇ" ಎಂದ ನಾಗರಾಜ. "ಮಾವಳ್ಳಿಲಿ ನಮ್ಮ ಪೈಕಿ ಬೀರಪ್ಪ ಅಂತ ಒಬ್ಬ ಇದ್ದಾನೆ. ಮಸ್ಕತ್ತಲ್ಲಿ ಕಂಪನಿ ಮುಚ್ತು, ವಾಪಸು ಬಂದ. ಅವ್ನ ಹತ್ರ ಒಂದು ಲ್ಯಾಪ್‌ಟಾಪ್ ಉಂಟು, ಅಂಗಡಿ ರೇಟಿನ ಅರ್ಧಕ್ಕೆ ಕೊಡ್ತಾನೆ."

"ಅರ್ಧಕ್ಕೆ ಎಂತಕ್ಕೆ?"

"ಅವ್ನಿಗೆ ರೊಕ್ಕದ ಗರಜು ಉಂಟು. ಮತ್ತೆ ಅದರ ಕೀಲಿ ಮೇಲೆ ಇಂಗ್ಲಿಷಿನ ಸಂಗ್ತಿಗೆ ಅರಬ್ಬಿ ಅಕ್ಷರ ಉಂಟು. ಅದ್ಕೆ ಯಾರೂ ತಕಳ್ತಿಲ್ಲ."

ನೀಲಾ ನಾಗರಾಜನನ್ನು ನೋಡಿದಳು. ಇವನಿಗೆ ಇದರಲ್ಲಿ ಎಷ್ಟು ಸಿಗುತ್ತದೆ? ಕಂಪನಿ ಮುಚ್ಚಿದವನ ಕೈಗೆ ಕಂಪನಿಯ ಯಂತ್ರ ಹೇಗೆ ಬಂತು? ಕಳವಿನ ಮಾಲಾದರೆ ನಾಳೆ ಪೊಲೀಸರು ಬಂದು ಎತ್ತಿಕೊಂಡು ಹೋಗುವುದು ಕೊಂಡವಳ ಜಗಲಿಯಿಂದ. ಆದರೆ ಅರಬ್ಬಿ ಅಕ್ಷರದ ಮಾತು ಅವಳ ತಲೆಯಲ್ಲಿ ಕೂತಿತು. ಅವಳು ಕೀಲಿ ನೋಡಿ ಟೈಪು ಮಾಡಿದವಳೇ ಅಲ್ಲ. ಅವಳ ಟೈಪ್‌ರೈಟರಿನಲ್ಲಿ ಅಕ್ಷರಗಳೆಲ್ಲ ಉಜ್ಜಿ ಹೋಗಿ ಎಷ್ಟೋ ವರ್ಷವಾಗಿತ್ತು. ಲೋಕಕ್ಕೆಲ್ಲ ಬೇಡವಾದ ಯಂತ್ರ ತನಗೆ ಮಾತ್ರ ಆಗಿಬರುತ್ತದೆ ಎಂಬುದು ಸಂತೋಷದ ವಿಷಯವೋ, ಗಾಳದ ಮೊನೆಯೋ ಎಂದು ಆ ರಾತ್ರಿ ಊಟಕ್ಕೆ ಕೂತಾಗಲೂ ಯೋಚಿಸಿದಳು.

ಮರುದಿನ ಬೆಳಿಗ್ಗೆ ಅವಳು ತನಗೆ ಗೊತ್ತಿದ್ದ ಒಂದೇ ಒಂದು ಬಂದೋಬಸ್ತು ಮಾಡಿಕೊಂಡಳು. ಇಪ್ಪತ್ತು ರೂಪಾಯಿಯ ಛಾಪಾ ಕಾಗದ ತಂದು ಟೈಪ್‌ರೈಟರಿಗೆ ಸಿಕ್ಕಿಸಿ, ಲ್ಯಾಪ್‌ಟಾಪಿಗೊಂದು ಕ್ರಯಪತ್ರ ಬರೆದಳು! "ಸದರಿ ಸ್ವತ್ತು ನನ್ನ ಸ್ವಯಾರ್ಜಿತವಾಗಿದ್ದು, ಇದರ ಮೇಲೆ ಯಾರ ಹಕ್ಕಾಗಲೀ, ತಂಟೆ ತಕರಾರಾಗಲೀ ಇರುವುದಿಲ್ಲ" ಎಂದು ಸರಾಗವಾಗಿ ಹೋಯಿತು. ಸ್ವತ್ತಿನ ವಿವರ ಬಂದಾಗ ಮಾತ್ರ ಬೆರಳು ರೂಢಿಯಂತೆ "ಪೂರ್ವಕ್ಕೆ" ಎಂದು ಕುಟ್ಟಿಬಿಟ್ಟಿತು. ಲ್ಯಾಪ್‌ಟಾಪಿನ ಪೂರ್ವಕ್ಕೆ ಏನಿರುತ್ತದೆ! ನೀಲಾ ನಾಲಿಗೆ ಕಚ್ಚಿಕೊಂಡು ಅದರ ಮೇಲೆ ಅಡ್ಡಗೆರೆ ಹೊಡೆದಳು. ಕೊನೆಗೆ ಎರಡು ಸಾಕ್ಷಿಗಳಿಗೆ ಜಾಗ ಬಿಟ್ಟು, ಎಲ್ಲ ಪತ್ರಗಳಿಗೂ ಹಾಕುವ ಸಾಲು ಹಾಕಿ, ಕೆಳಗೆ ಟೈಪಿಸಿದವರು ಎಂದು ತನ್ನ ಹೆಸರು ಕೂಡಿಸಿದಳು.

ಬೀರಪ್ಪನ ಮನೆ ಮಾವಳ್ಳಿಯಲ್ಲಿ ರಸ್ತೆಯಿಂದ ಒಳಗೆ, ಹೆಂಚಿನ ಸಣ್ಣ ಮನೆ. ಬೀರಪ್ಪ ಮೂವತ್ತೈದರ ಆಸುಪಾಸಿನವನು, ಮಾತು ಕಮ್ಮಿ. ಅವನ ತಾಯಿ ಈರಮ್ಮ ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನೀಲಾ ಬಂದವಳೇ ಯಂತ್ರವನ್ನು ಬೋರಲು ಹಾಕಿದಳು. ಅಡಿಯಲ್ಲಿ ಮಸ್ಕತ್ತಿನ ಕಂಪನಿಯ ಚೀಟಿ ಅಂಟಿಸಿಯೇ ಇತ್ತು.

"ಇದು ಕಂಪನೀದಲ್ವಾ?"

"ಎರಡು ತಿಂಗಳ ಪಗಾರ ಕೊಡೂಕೆ ಆಗ್ಲಿಲ್ಲ ಅವ್ರಿಗೆ. ಅದ್ರ ಬದ್ಲಿಗೆ ಸ್ಟೋರಲ್ಲಿ ಇದ್ದದ್ದು ಒಬ್ಬೊಬ್ರಿಗೆ ಒಂದೊಂದು ಕೊಟ್ರು. ನನ್ಗೆ ಇದು ಬಂತು" ಎಂದ ಬೀರಪ್ಪ.

"ಕಾಗ್ದ?"

"ಕಾಗ್ದ ಎಂತ ಕೊಡ್ತಾರೆ ಅಕ್ಕ, ಬಾಗ್ಲು ಹಾಕಿ ಹೋಗುವವ್ರು."

ನೀಲಾ ಸಿ.ಡಿ. ಕೊಟ್ಟಳು. ಅವನು ಸಾಫ್ಟ್‌ವೇರ್ ಹಾಕಿದ. ಅವಳು ಕೀಲಿಗಳ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ "ಸದರಿ ಸ್ವತ್ತಿನ" ಎಂದು ಶುರು ಮಾಡಿ ಅರ್ಧ ಪುಟ ಹೊಡೆದಳು. ಕಣ್ಣು ಬಿಟ್ಟು ನೋಡಿದರೆ ಒಂದಕ್ಷರವೂ ತಪ್ಪಿರಲಿಲ್ಲ. ಕುಟ್ಟುವ ಸದ್ದಿಲ್ಲದೆ ಇಷ್ಟು ಅಕ್ಷರ ಮೂಡಿದ್ದು ಕಂಡು ಅವಳ ಎದೆ ಒಮ್ಮೆ ಹಿಗ್ಗಿತು. ಹಿಗ್ಗಿದ್ದು ಮುಖದಲ್ಲಿ ಕಂಡರೆ ರೇಟು ಏರಿಸುತ್ತಾನೆಂದು ಹುಬ್ಬು ಗಂಟಿಕ್ಕಿಕೊಂಡಳು.

ಆಮೇಲೆ ಬ್ಯಾಟರಿಯ ಪರೀಕ್ಷೆ. ಎರಡು ಗಂಟೆ ನಡೆಯುತ್ತದೆ ಎಂದ ಬೀರಪ್ಪ. ನೀಲಾ ಚಾರ್ಜರನ್ನು ಸುರುಳಿ ಸುತ್ತಿ ತನ್ನ ಚೀಲದೊಳಗೆ ಹಾಕಿಕೊಂಡಳು. ತಾನು ಕಣ್ಣು ತಪ್ಪಿಸಿದಾಗ ಇವರು ಸಿಕ್ಕಿಸಿಬಿಟ್ಟರೆ? ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನೂ ಗೋಡೆಯ ಗಡಿಯಾರವನ್ನೂ ತಾಳೆ ಹಾಕುತ್ತ ಕೂತಳು. ಕಂಪ್ಯೂಟರಿನ ಗಡಿಯಾರವನ್ನು ಮುಂದೆ ತಿರುಗಿಸಬಹುದೆಂದು ಅವಳು ಕೇಳಿದ್ದಳು.

ಮಧ್ಯಾಹ್ನವಾಯಿತು. ಈರಮ್ಮ ಊಟಕ್ಕೆ ಕರೆದಳು. ಬಂಗಡೆ ಸಾರು, ಬಸಳೆಯ ಪಲ್ಯ. ಯಂತ್ರವನ್ನು ಕಣ್ಣಿಗೆ ಕಾಣುವಂತೆ ಬಾಗಿಲ ಹತ್ತಿರ ಇಟ್ಟುಕೊಂಡೇ ನೀಲಾ ಉಂಡಳು.

"ನಾಚ್ಕಿ ಮಾಡ್ಬೇಡ ಮಗಾ, ಇನ್ನೊಂದು ತುಂಡು ಹಾಕ್ತೆ" ಎಂದಳು ಈರಮ್ಮ.

ಇವರು ಇಷ್ಟು ಉಪಚಾರ ಮಾಡುವುದೇಕೆ ಎಂಬ ಅನುಮಾನ ಎರಡನೇ ತುಂಡಿನ ಜೊತೆಗೇ ಗಂಟಲಲ್ಲಿ ಇಳಿಯಿತು. ಅಂತೂ ಯಂತ್ರ ಎರಡು ಗಂಟೆ ಹತ್ತು ನಿಮಿಷ ನಡೆದು ನಿಂತಿತು. ಬೇರೆ ಯಾವ ಕಾರಣವೂ ಸಿಗದೆ ನೀಲಾ ಚೀಲದಿಂದ ಛಾಪಾ ಕಾಗದ ತೆಗೆದಳು.

"ನಂಗೆ ಯಂತ್ರ ಒಪ್ಗಿ ಆತು. ಇದ್ಕೆ ನೀವು ಸಹಿ ಹಾಕ್ಬೇಕು. ಅಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ಲಿ."

ಬೀರಪ್ಪ ಕಾಗದ ತೆಗೆದುಕೊಂಡು ಮೊದಲಿನಿಂದ ಓದಿದ. ತನ್ನನ್ನು ಕಳ್ಳನೆಂದು ಎಣಿಸಿದ್ದಾರೆಂದು ಅವನಿಗೆ ತಿಳಿಯಿತು, ಕಿವಿ ಕೆಂಪಾಯಿತು. ಆದರೂ ಪೆನ್ನಿಗೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಅವನ ಕಣ್ಣು ಪುಟದ ತುದಿಯಲ್ಲಿ ನೆಟ್ಟಿತ್ತು.

"ಟೈಪಿಸಿದವರು, ನೀಲಾ ಪ್ರಕಾಶ ನಾಯ್ಕ, ಕಚೇರಿ ರಸ್ತೆ, ಹೊನ್ನಾವರ. ಇದು ನೀವೇಯಾ?"

"ನಾನೇ. ಎಂತಕ್ಕೆ?"

ಅವನು ಎದ್ದು ಒಳಗೆ ಹೋದ. ಹೋದವನು ಬೇಗ ಬರಲಿಲ್ಲ. ನೀಲಾಳಿಗೆ ಖಾತ್ರಿಯಾಯಿತು: ಕಳವಿನ ಮಾಲೇ, ಸಹಿ ಹಾಕಲು ಧೈರ್ಯ ಇಲ್ಲ. ಅವಳು ಚೀಲದ ಬಾಯಿ ಬಿಗಿ ಹಿಡಿದು ಕೂತಳು. ಬೀರಪ್ಪ ಹೊರಗೆ ಬಂದಾಗ ಅವನ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಳೆಯ ಪತ್ರವಿತ್ತು. ಅದನ್ನು ಅವಳ ಮುಂದೆ ಬಿಡಿಸಿದ.

ತೊಂಬತ್ತೆಂಟನೇ ಇಸವಿಯ ಹಕ್ಕು ಬಿಡುಗಡೆ ಪತ್ರ. ಮಂಕಿಯ ತವರಿನ ಆಸ್ತಿಯಲ್ಲಿ ತನಗಿರುವ ಪಾಲನ್ನು ಈರಮ್ಮ ಎಂಬುವಳು ಅಣ್ಣ ಕುಪ್ಪನಿಗೆ ಬಿಟ್ಟುಕೊಟ್ಟದ್ದು. ಕೊನೆಯಲ್ಲಿ ಒಂದು ಹೆಬ್ಬೆಟ್ಟು. ಅದರ ಕೆಳಗೆ, ಟೈಪಿಸಿದವರು, ನೀಲಾ.

ನೀಲಾಳಿಗೆ ಆ ಪತ್ರದ ನೆನಪೇ ಇರಲಿಲ್ಲ. ಆ ಮುಖವೂ ನೆನಪಿರಲಿಲ್ಲ. ಅಂಥ ಎಷ್ಟು ಪತ್ರ, ಎಷ್ಟು ಹೆಬ್ಬೆಟ್ಟು!

"ಪಂಪಿಗೆ ಕರೆಂಟು ತಕಳೂಕೆ ಎಲ್ಲಾರ ಹೆಬ್ಬೆಟ್ಟು ಬೇಕು ಅಂದ ನಮ್ಮಣ್ಣ" ಎಂದಳು ಈರಮ್ಮ, ಬಸಳೆಯ ದಂಟುಗಳನ್ನು ಒಂದು ಕಡೆ ಕೂಡಿಡುತ್ತ. "ಒಂದು ಜಗಲಿ ಮೇಲೆ ಕೂರಿಸ್ದ. ಒಂದು ಹೆಂಗ್ಸು ಟಕಟಕ ಮಾಡ್ತಾ ಇತ್ತು. ಅದು ನೀನೇಯಾ ಮಗಾ?"

"ಮಂಕಿಲಿ ಹತ್ತು ಗುಂಟೆ ಇವಳ ಪಾಲಿಗೆ ಬರ್ತಿತ್ತು" ಎಂದ ಬೀರಪ್ಪ. "ನಾನು ಮನೆ ಕಟ್ತೆ ಅಂತ ಕೇಳೂಕೆ ಹೋದಾಗ ಮಾವ ಈ ಕಾಗ್ದ ತೋರ್ಸಿದ, ನಾನು ನಕಲು ತೆಗ್ಸಿ ಇಟ್ಕಂಡೆ. ಆಮೇಲೇ ನಾನು ಮಸ್ಕತ್ತಿಗೆ ಹೋದದ್ದು."

"ಅವ್ರು ಹೇಳಿದ್ದು ನಾನು ಟೈಪು ಮಾಡಿದ್ದು, ಅಷ್ಟೆ" ಎಂದಳು ನೀಲಾ. ಹೇಳಿದ ಕೂಡಲೇ ಆ ಮಾತು ಎಷ್ಟು ಹಗುರ ಎಂದು ಅವಳಿಗೇ ಕೇಳಿಸಿತು.

"ಓದು" ಎಂದಳು ಈರಮ್ಮ.

"ಅಮ್ಮಾ..."

"ನಂಗೆ ಅಕ್ಷರ ಬರೂದಿಲ್ಲ. ಇವ್ನು ಓದ್ದ, ಆದ್ರೆ ಸಿಟ್ಟಲ್ಲಿ ಓದ್ದ, ನಂಗೆ ತಲೆಗೆ ಹೋಗ್ಲಿಲ್ಲ. ನೀನು ಬರ್ದವಳು. ನೀನು ಓದು, ಎಂತೆಂತ ಬರ್ದಿದ್ದೆ ಅಂತ ಕೇಳ್ವ."

ನೀಲಾ ಓದಿದಳು. ತಾನು ಬರೆದದ್ದೊಂದನ್ನು ಅದಕ್ಕೆ ಹೆಬ್ಬೆಟ್ಟು ಒತ್ತಿದವರ ಮುಂದೆ ಬಾಯಿಬಿಟ್ಟು ಓದುತ್ತಿರುವುದು ಹದಿನಾಲ್ಕು ವರ್ಷಗಳಲ್ಲಿ ಇದೇ ಮೊದಲು ಎಂದು ಓದುತ್ತ ಓದುತ್ತ ಅವಳಿಗೆ ಹೊಳೆಯಿತು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾರಿ. ತೆಂಗಿನ ಮರ ಹದಿನೊಂದು. ಈರಮ್ಮ ನಡುವೆ ತಡೆದು, "ಹದ್ನಾಲ್ಕು ಇತ್ತು, ಮೂರು ಸಣ್ಣವು" ಎಂದಳು. ನೀಲಾ ಮುಂದುವರಿಸಿದಳು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸಣ್ಣದಾಯಿತು. "ಈ ಪತ್ರವನ್ನು ಓದಿಸಿ ಕೇಳಿ, ಅರ್ಥ ಮಾಡಿಕೊಂಡು, ಸ್ವಸಂತೋಷದಿಂದ ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ."

"ಓದಿಸಿ ಕೇಳಿ ಅಂತ ಉಂಟಾ?"

"ಉಂಟು."

"ಯಾರು ಓದಿದ್ದು?"

ಆ ಸಾಲು ಎಲ್ಲ ಪತ್ರಗಳಲ್ಲೂ ಇರುತ್ತದೆ, ಇವತ್ತಿನ ಛಾಪಾ ಕಾಗದದಲ್ಲೂ ಇದೆ. ಅದನ್ನು ನೀಲಾಳ ಬೆರಳು ತಾನಾಗಿಯೇ ಹೊಡೆಯುತ್ತಿತ್ತು. ಊರಿನವರನ್ನೆಲ್ಲ ಅನುಮಾನದಿಂದ ನೋಡಿದವಳು ತನ್ನ ಬೆರಳುಗಳನ್ನು ಒಂದು ದಿನವೂ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಯಾರೂ ಓದ್ಲಿಲ್ಲ ಅಮ್ಮಾ. ನಾನು ಓದಿ ಹೇಳ್ಬೇಕಾಗಿತ್ತು. ತಪ್ಪಾತು."

ಈರಮ್ಮ ಛಾಪಾ ಕಾಗದವನ್ನು ಬೆರಳ ತುದಿಯಿಂದ ನೀಲಾಳ ಕಡೆಗೆ ಸರಿಸಿದಳು.

"ನಿನ್ನ ಕಾಗ್ದಕ್ಕೆ ನಂದು ಇನ್ನೊಂದು ಹೆಬ್ಬೆಟ್ಟು ಆಗೂದಿಲ್ಲ ಮಗಾ. ಇವ್ನೂ ಸಹಿ ಹಾಕೂದು ಬ್ಯಾಡ. ಕಳ್ಳತನದ್ದಲ್ಲ ಅಂತ ಬಾಯಲ್ಲಿ ಹೇಳ್ತೆ. ಬೇಕಾದ್ರೆ ತಕಂಡು ಹೋಗು, ಬ್ಯಾಡ್ದಿದ್ರೆ ಬಿಟ್ಟು ಹೋಗು."

ಬಾಯಿಮಾತು! ಬಾಯಿಮಾತು ನಂಬಿ ಕೆಟ್ಟವರ ಪತ್ರಗಳನ್ನು ಟೈಪು ಮಾಡಿಯೇ ನೀಲಾ ಇಷ್ಟು ವರ್ಷ ಅನ್ನ ಉಂಡಿದ್ದಳು. ಅವಳು ಈರಮ್ಮನ ಮುಖ ನೋಡಿದಳು, ಬೀರಪ್ಪನ ಮುಖ ನೋಡಿದಳು. ಎರಡೂ ಮುಖಗಳು ತನ್ನನ್ನು ಅನುಮಾನದಿಂದ ನೋಡುತ್ತಿದ್ದವು. ಅವಳು ಛಾಪಾ ಕಾಗದವನ್ನು ನಾಲ್ಕು ಚೂರು ಮಾಡಿ ಚೀಲಕ್ಕೆ ಹಾಕಿ, ದುಡ್ಡಿನ ಲಕೋಟೆ ತೆಗೆದು ಬೀರಪ್ಪನ ಮುಂದಿಟ್ಟಳು.

"ಕೆಟ್ರೆ?" ಎಂದು ಬಾಗಿಲಲ್ಲಿ ಕೇಳದೆ ಇರಲು ಅವಳಿಂದ ಆಗಲಿಲ್ಲ.

"ಕೆಟ್ರೆ ತಕಂಬನ್ನಿ. ನಾವೆಲ್ಲಿ ಹೋಗೂದು, ಇದ್ದದ್ದೊಂದೇ ಮನೆ" ಎಂದ ಬೀರಪ್ಪ.

ಬಸ್ಸು ಮಂಕಿ ದಾಟುವಾಗ ನೀಲಾ ಕಿಟಕಿಯ ಹೊರಗೆ ನೋಡಲಿಲ್ಲ.

ಸೋಮವಾರ ಯಂತ್ರ ಜಗಲಿಯ ಮೇಲೆ ಬಂದು ಕೂತಿತು. ಕೀಲಿಗಳ ಮೇಲಿನ ಅರಬ್ಬಿ ನೋಡಲು ನಾಲ್ಕು ಜನ ಬಗ್ಗಿ ಹೋದರು. ಪೆನ್ ಡ್ರೈವಿಗೆ ಹಾಕಿಕೊಟ್ಟರೆ ನಾಗರಾಜ ಒಳಗೆ ಪ್ರಿಂಟು ತೆಗೆಯುವುದೆಂದು ಮಾತಾಗಿತ್ತು. ಹನ್ನೊಂದು ಗಂಟೆಗೆ ಮೊದಲ ಗಿರಾಕಿ ಬಂತು, ಇಬ್ಬರು ಗಂಡಸರು, ಅವರ ನಡುವೆ ಗಂಗೆ ಎಂಬ ಮುದುಕಿ. ಗಂಡಸರು ಅವಳ ತಮ್ಮನ ಮಕ್ಕಳು. ಕೈಬರಹದ ಕರಡು ಕೊಟ್ಟು, ಬೇಗ ಆಗಲಿ ಎಂದರು. ಹಕ್ಕು ಬಿಡುಗಡೆ ಪತ್ರ. ನೀಲಾ ಕಾಲು ಗಂಟೆಯಲ್ಲಿ ಮುಗಿಸಿದಳು, ಒಂದು ಹೆಸರು ತಪ್ಪಿತ್ತು, ಅದೊಂದನ್ನೇ ತಿದ್ದಿದಳು. ಆಮೇಲೆ ಯಂತ್ರವನ್ನು ಮುದುಕಿಯ ಕಡೆಗೆ ತಿರುಗಿಸಿದಳು.

"ಅಮ್ಮಾ, ಬರ್ದದ್ದು ಓದ್ತೆ, ಕೇಳಿ."

"ಅದೆಲ್ಲ ಬ್ಯಾಡ, ಅವ್ಳಿಗೆ ಗೊತ್ತುಂಟು" ಎಂದ ಒಬ್ಬ.

ನೀಲಾ ಓದತೊಡಗಿದಳು. ಅವಳಿಗೆ ಹೆದರಿಕೆಯಾಗುತ್ತಿತ್ತು. ಹೊಸ ಯಂತ್ರದ ಮೊದಲ ಕೆಲಸ, ಎದುರಿಗೇ ಕಂಪ್ಯೂಟರ್ ಸೆಂಟರು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಗಂಗೆ, "ಪಿಂಚಣಿ ಕಾಗ್ದ ಅಂದ್ರಲ್ಲ ಇವ್ರು, ಪಿಂಚಣಿ ಅಂತ ಎಲ್ಲಿ ಉಂಟು?" ಎಂದು ಕೇಳಿದಳು. ಗಂಡಸರಿಬ್ಬರೂ ಎದ್ದರು. ಒಬ್ಬ ಕರಡನ್ನು ಕಿತ್ತುಕೊಂಡ. "ಟೈಪು ಮಾಡೂಕೆ ಕೂತವ್ಳು ಟೈಪು ಮಾಡ್ಬೇಕು" ಎಂದು ನೀಲಾಳಿಗೂ, "ಏಳು ಅತ್ತೆ" ಎಂದು ಮುದುಕಿಗೂ ಹೇಳಿ, ದುಡ್ಡು ಕೊಡದೆ ರಸ್ತೆ ದಾಟಿ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿದರು. ಮುದುಕಿ ಹಿಂದೆ ಬರುತ್ತಿದ್ದಾಳೆಂದೇ ಅವರು ತಿಳಿದಿರಬೇಕು.

ನಾಗರಾಜ ಒಳಗಿನಿಂದ ಇಣುಕಿ, "ನೀಲಕ್ಕ, ಹೀಂಗಾದ್ರೆ ಹೊಟ್ಟಿಗೆ ಎಂತ?" ಎಂದ. ನೀಲಾ ಬೆಂಚಿನ ಕಡೆ ತಿರುಗಿದಳು.

ಗಂಗೆ ಬೆಂಚಿನಿಂದ ಎದ್ದಿರಲಿಲ್ಲ. ಕರಡು ಹೋಗಿತ್ತು, ಆದರೆ ಬರೆದದ್ದು ಪರದೆಯ ಮೇಲೆ ಹಾಗೇ ಇತ್ತು. ಮುದುಕಿ ಅದರತ್ತ ಬೆರಳು ತೋರಿಸಿದಳು.

"ತಂಗಿ, ಮೊದ್ಲಿಂದ ಮತ್ತೊಂದ್ಸಲ ಓದು."